ಅವಸರವಿಲ್ಲದ ಮದ್ದು

1844ರ ಫೆಬ್ರವರಿ 28ರಂದು ವಾಷಿಂಗ್ಟನ್ನಿನ ದೊಡ್ಡ ಮನುಷ್ಯರಲ್ಲಿ ಬಹುಪಾಲು ಜನ ನೆಲದ ಮೇಲಿರಲಿಲ್ಲ, ಪೊಟೊಮ್ಯಾಕ್ ನದಿಯ ಮೇಲಿದ್ದರು. ಅಮೆರಿಕದ ನೌಕಾಪಡೆಯ ಹೊಚ್ಚ ಹೊಸ ಹಡಗು ‘ಪ್ರಿನ್ಸ್‌ಟನ್’ ಸುಮಾರು ನಾನೂರು ಅತಿಥಿಗಳನ್ನು ಹೊತ್ತು ವಿಹಾರಕ್ಕೆ ಹೊರಟಿತ್ತು. ಅಧ್ಯಕ್ಷ ಜಾನ್ ಟೈಲರ್ ಇದ್ದ, ಅವನ ಮಂತ್ರಿಗಳಿದ್ದರು, ರೇಷ್ಮೆಯುಟ್ಟ ಹೆಂಗಸರಿದ್ದರು, ಕೆಳಗಿನ ಅಂತಸ್ತಿನಲ್ಲಿ ಊಟ ಸಿದ್ಧವಾಗಿತ್ತು. ಕ್ಯಾಪ್ಟನ್ ರಾಬರ್ಟ್ ಸ್ಟಾಕ್ಟನ್ ಅವರಿಗೆಲ್ಲ ತನ್ನ ಹೆಮ್ಮೆಯ ವಸ್ತುವೊಂದನ್ನು ತೋರಿಸಬೇಕಾಗಿತ್ತು: 12 ಅಂಗುಲ ಬಾಯಿಯ, ಹನ್ನೆರಡು ಟನ್ನಿಗೂ ಮೀರಿ ತೂಗುವ ‘ಪೀಸ್‌ಮೇಕರ್’ ಎಂಬ ತೋಪು. ಅದನ್ನು ಕೆಲವು ಸಲ ಹಾರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಇಳಿದರು.

ಊಟದ ನಡುವೆ ನೌಕಾ ಮಂತ್ರಿ ಥಾಮಸ್ ಗಿಲ್ಮರನಿಗೆ ಇನ್ನೊಂದು ಸಲ ನೋಡುವ ಆಸೆಯಾಯಿತು. ಮಂತ್ರಿಯ ಮಾತನ್ನು ಕ್ಯಾಪ್ಟನ್ ತೆಗೆದುಹಾಕುವಂತಿರಲಿಲ್ಲ. ಒಂದಷ್ಟು ಜನ ಮತ್ತೆ ಮೇಲೆ ಹೋದರು. ಟೈಲರನೂ ಏಣಿಯ ಕಡೆ ಹೆಜ್ಜೆ ಹಾಕಿದ್ದ. ಅಷ್ಟರಲ್ಲಿ ಅಳಿಯ ಹಾಡೊಂದನ್ನು ಎತ್ತಿಕೊಂಡದ್ದರಿಂದ ಕೇಳಿಯೇ ಹೋಗೋಣವೆಂದು ನಿಂತ. ಮೇಲೆ ತೋಪು ಗುಡುಗಿತು. ಈ ಸಲ ಗುಂಡಿನ ಜೊತೆಗೆ ತೋಪಿನ ಬುಡವೂ ಹಾರಿತ್ತು. ಗಿಲ್ಮರ್ ಸತ್ತ, ವಿದೇಶಾಂಗ ಮಂತ್ರಿ ಏಬೆಲ್ ಅಪ್ಷರ್ ಸತ್ತ, ಅಧ್ಯಕ್ಷನ ಸೇವೆಯಲ್ಲಿದ್ದ ಆರ್ಮಿಸ್ಟೆಡ್ ಎಂಬ ಗುಲಾಮ ಸತ್ತ. ಒಟ್ಟು ಆರು ಹೆಣ. ಹಾಡಿನಿಂದ ಉಳಿದ ಟೈಲರ್, ಸತ್ತವರಲ್ಲಿ ಒಬ್ಬನಾದ ಡೇವಿಡ್ ಗಾರ್ಡಿನರನ ಮಗಳನ್ನು ಅದೇ ವರ್ಷ ಮದುವೆಯಾದ. ಅದು ಬೇರೆಯೇ ಕತೆ.

ತೋಪು ಯಾಕೆ ಒಡೆಯಿತು? ವಿಚಾರಣೆ ನಡೆಸಿದವರೆಲ್ಲ ಕಬ್ಬಿಣವನ್ನು ನೋಡಿದರು. ಬೆಸುಗೆ ಸರಿಯಿಲ್ಲ, ಲೋಹ ಸರಿಯಿಲ್ಲ ಎಂದರು. ಮೂರು ವರ್ಷ ಹಿಂದಷ್ಟೇ ವೆಸ್ಟ್ ಪಾಯಿಂಟಿನಿಂದ ಹೊರಬಿದ್ದಿದ್ದ ಥಾಮಸ್ ಜ್ಯಾಕ್ಸನ್ ರಾಡ್‌ಮನ್ ಎಂಬ ತರುಣ ಅಧಿಕಾರಿಯೂ ಮೊದಲು ಕಬ್ಬಿಣವನ್ನೇ ನೋಡಿದ. ಆಗೆಲ್ಲ ತೋಪನ್ನು ಇಡಿಯಾಗಿ ಎರಕ ಹೊಯ್ದು ಆಮೇಲೆ ನಡುವೆ ಕೊರೆಯುತ್ತಿದ್ದರು. ಎರಕ ಹೊರಗಿನಿಂದ ಒಳಕ್ಕೆ ಆರುತ್ತಿತ್ತು. ಕೊನೆಯಲ್ಲಿ ಆರುವ ಒಳಭಾಗ ಕುಗ್ಗುವ ಹೊತ್ತಿಗೆ ಹೊರಭಾಗ ಆಗಲೇ ಗಟ್ಟಿಯಾಗಿರುತ್ತಿದ್ದುದರಿಂದ ಲೋಹದೊಳಗೇ ಜಗ್ಗಾಟ ಉಳಿಯುತ್ತಿತ್ತು. ನಡುವೆ ಪೊಳ್ಳು ಬಿಟ್ಟೇ ಎರಕ ಹೊಯ್ದು, ಆ ಪೊಳ್ಳಿನಲ್ಲಿ ನೀರು ಹರಿಸಿ ಒಳಗಿನಿಂದ ಹೊರಕ್ಕೆ ಆರಿಸಿದರೆ? ರಾಡ್‌ಮನ್ ಸೈನ್ಯದ ಮದ್ದುಗುಂಡಿನ ಇಲಾಖೆಯ ಬಾಗಿಲು ತಟ್ಟಿದ. ಇಲಾಖೆ ದುಡ್ಡು ಬಿಚ್ಚಲಿಲ್ಲ. ಹಟ ಬಿಡದೆ ಪಿಟ್ಸ್‌ಬರ್ಗಿನ ಫೋರ್ಟ್ ಪಿಟ್ ಎರಕದ ಮನೆಯವರನ್ನು ಹಿಡಿದ. ಒಂದೇ ಕುಲುಮೆಯ ಕಬ್ಬಿಣದಲ್ಲಿ ಎರಡು ತೋಪು ಹೊಯ್ದರು, ಒಂದು ಹಳೆಯ ರೀತಿಯದು, ಒಂದು ರಾಡ್‌ಮನ್ನನ ರೀತಿಯದು. ಗುಂಡಿನ ಮೇಲೆ ಗುಂಡು ಹಾರಿಸುತ್ತ ಹೋದರು. ಹಳೆಯ ರೀತಿಯದು ನೂರು ಮುಟ್ಟುವ ಮೊದಲೇ ಒಡೆದು ಬಿತ್ತು. ಹೊಸದು ಬಹಳ ದೂರ ಬಂತು.

ಯಾರಾದರೂ ಅಷ್ಟಕ್ಕೆ ಕೈತೊಳೆದುಕೊಳ್ಳುತ್ತಿದ್ದರು. ರಾಡ್‌ಮನ್ನನಿಗೆ ಮಾತ್ರ ಇನ್ನೊಂದು ಪ್ರಶ್ನೆ ಕಾಡುತ್ತಿತ್ತು. ತೋಪಿನ ಹೊಟ್ಟೆಯೊಳಗೆ ಆ ಕ್ಷಣದಲ್ಲಿ ಎಷ್ಟು ಒತ್ತಡ ಏಳುತ್ತದೆ? ಐನೂರು ವರ್ಷದಿಂದ ಜಗತ್ತು ತೋಪು ಹಾರಿಸುತ್ತಿತ್ತು. ಆ ಒತ್ತಡವನ್ನು ನೆಚ್ಚುವಂತೆ ಅಳೆದವರು ಇರಲಿಲ್ಲ. ಅಳೆಯುವುದಾದರೂ ಹೇಗೆ? ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತಿತ್ತು.

1850ರ ದಶಕದ ಕೊನೆಗೆ ಅವನು ಕಂಡುಕೊಂಡ ಉಪಾಯ ನೋಡಲು ತೀರಾ ಸಾದಾ. ತೋಪಿನ ಗೋಡೆಗೆ ತೂತು ಕೊರೆದು ಅದರಲ್ಲಿ ಒಂದು ಉಕ್ಕಿನ ಕೊಂತವನ್ನು ಕೂರಿಸಿದ. ಕೊಂತದ ಹೊರತುದಿಗೆ ಚೂಪಾದ ಅಲಗು. ಅಲಗಿನ ಮುಂದೆ ಮೆತ್ತನೆಯ ತಾಮ್ರದ ಬಿಲ್ಲೆ. ಮದ್ದು ಹೊತ್ತಿಕೊಂಡಾಗ ಒಳಗಿನ ಅನಿಲ ಕೊಂತವನ್ನು ಹಿಂದಕ್ಕೆ ನೂಕುತ್ತಿತ್ತು, ಅಲಗು ತಾಮ್ರಕ್ಕೆ ಇಳಿಯುತ್ತಿತ್ತು. ಹೊಗೆ ಆರಿದ ಮೇಲೆ ಬಿಲ್ಲೆ ತೆಗೆದು ಗಾಯದ ಉದ್ದವನ್ನು ಅಳೆದ. ಆಮೇಲೆ ಅಂಥದೇ ಬಿಲ್ಲೆಯ ಮೇಲೆ ಅಷ್ಟೇ ಉದ್ದದ ಗಾಯ ಮಾಡಲು ಎಷ್ಟು ಭಾರ ಹೇರಬೇಕೆಂದು ಯಂತ್ರದಲ್ಲಿಟ್ಟು ನೋಡಿದ. ಅಷ್ಟೇ ಲೆಕ್ಕ.

ಆ ಬಿಲ್ಲೆಗಳು ಹೇಳಿದ್ದು ಯಾರೂ ಎಣಿಸದ ಸಂಗತಿ. ಮದ್ದಿನ ತೂಕ ಅಷ್ಟೇ ಇಟ್ಟು, ಅದರ ಕಾಳುಗಳನ್ನು ದಪ್ಪ ಮಾಡಿದರೆ ಬುಡದ ಒತ್ತಡ ಗಣನೀಯವಾಗಿ ಇಳಿಯುತ್ತಿತ್ತು. ಗುಂಡಿನ ವೇಗಕ್ಕೆ ಮಾತ್ರ ಹೇಳಿಕೊಳ್ಳುವಂಥ ಪೆಟ್ಟು ಬೀಳುತ್ತಿರಲಿಲ್ಲ. ತೋಪುಗಳನ್ನು ಒಡೆಯುತ್ತಿದ್ದ ಅಪರಾಧಿ ಕಬ್ಬಿಣವೊಂದೇ ಆಗಿರಲಿಲ್ಲ. ಪುಡಿಮದ್ದು ಹೊತ್ತಿಕೊಂಡ ಕೂಡಲೇ ಎಲ್ಲ ಕಾಳುಗಳ ಮೈಯೂ ಒಟ್ಟಿಗೆ ಉರಿದು, ಗುಂಡು ಇನ್ನೂ ಕದಲುವ ಮೊದಲೇ ಅನಿಲವೆಲ್ಲ ಬುಡದಲ್ಲಿ ಕಿಕ್ಕಿರಿಯುತ್ತಿತ್ತು. ಗುಂಡು ಭಾರವಾದಷ್ಟೂ ಅದು ಕದಲುವುದು ತಡ. ತಡವಾದಷ್ಟೂ ಬುಡಕ್ಕೆ ಕೇಡು.

ರಾಡ್‌ಮನ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಈ ಕತೆಯಲ್ಲಿ ಪ್ರತಿಭೆ ಎಂಬ ಮಾತು ಸಲ್ಲುವುದಾದರೆ ಅದು ಇಲ್ಲಿಗೆ. ಕಾಳು ಹೊರಗಿನಿಂದ ಉರಿಯುತ್ತ ಹೋದಂತೆ ಸಣ್ಣದಾಗುತ್ತದೆ, ಉರಿಯುವ ಮೈಯೂ ಕಡಿಮೆಯಾಗುತ್ತದೆ. ಅಂದರೆ ಅನಿಲ ಮೊದಲಿಗೆ ಅತಿ, ಆಮೇಲೆ ಅಲ್ಪ. ಬೇಕಾದದ್ದು ಇದರ ತಿರುವುಮುರುವು. ಅವನು ಮದ್ದನ್ನು ಅಚ್ಚಿನಲ್ಲಿ ಒತ್ತಿ ದಪ್ಪ ಬಿಲ್ಲೆ ಮಾಡಿ, ಅದರ ತುಂಬ ಆರ್‌ಪಾರ್ ತೂತು ಕೊರೆಸಿದ. ತೂತಿನ ಒಳಗೋಡೆಗೂ ಬೆಂಕಿ ಹತ್ತಿತು. ಉರಿದಷ್ಟೂ ತೂತು ಅಗಲವಾಯಿತು, ಅಗಲವಾದಷ್ಟೂ ಉರಿಯುವ ಮೈ ಹೆಚ್ಚಿತು. ಗುಂಡು ನಳಿಗೆಯಲ್ಲಿ ಮುಂದೆ ಮುಂದೆ ಓಡಿದಂತೆ ಅದರ ಬೆನ್ನಿಗೆ ಅನಿಲವೂ ಹೆಚ್ಚು ಹೆಚ್ಚು ಬಂತು. 1860ರ ಹೊತ್ತಿಗೆ ಅವನು 15 ಅಂಗುಲದ ದೈತ್ಯ ತೋಪನ್ನೇ ಎರಕ ಹೊಯ್ಯಿಸಿ ನಿಲ್ಲಿಸಿದ. ರಷ್ಯದವರು ಬಂದು ನೋಡಿ, ತೂತಿನ ಮದ್ದನ್ನು ಆರು ಮೂಲೆಯ ಅಚ್ಚುಗಳಲ್ಲಿ ಒತ್ತಿಸಿಕೊಂಡು ಹೋದರು. ಅವರಿಂದ ಜರ್ಮನರು ಕಲಿತರು.

ಆದರೂ ಅದು ಕರಿಮದ್ದು. ಎಷ್ಟೇ ತೂತು ಕೊರೆದರೂ ಅದರ ಅರ್ಧಕ್ಕಿಂತ ಹೆಚ್ಚು ತೂಕ ಅನಿಲವಾಗದೆ ಹೊಗೆ, ಮಸಿ, ಕಿಟ್ಟವಾಗಿ ಉಳಿಯುತ್ತಿತ್ತು. ಹೆಗಲ ಮೇಲಿನ ಕೋವಿಗೆ ಅದರಿಂದ ಹೆಚ್ಚು ಉಪಕಾರವಾಗಲಿಲ್ಲ. ದಾರಿ ಬೇರೆ ಕಡೆಯಿಂದ ಬರಬೇಕಿತ್ತು. ಅದು ಬಂದದ್ದು, ಜನ ಹೇಳುವುದು ನಿಜವೇ ಆದರೆ, ಒಂದು ಅಡುಗೆಮನೆಯಿಂದ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕ್ರಿಶ್ಚಿಯನ್ ಶೋನ್‌ಬೈನ್ ಎಂಬ ರಸಾಯನ ಪ್ರಾಧ್ಯಾಪಕನಿದ್ದ. ಓಜೋನನ್ನು ಕಂಡುಹಿಡಿದ ಆಸಾಮಿ. ಮನೆಯಲ್ಲಿ ಪ್ರಯೋಗ ಕೂಡದೆಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದಳಂತೆ. 1845ರ ಸುಮಾರಿಗೆ ಅವಳಿಲ್ಲದ ಹೊತ್ತು ನೋಡಿ ಅಡುಗೆಮನೆಯಲ್ಲೇ ಆಮ್ಲಗಳ ಜೊತೆ ಆಟಕ್ಕಿಳಿದ, ಸೀಸೆ ಉರುಳಿತು. ಗಾಬರಿಯಲ್ಲಿ ಕೈಗೆ ಸಿಕ್ಕ ಹತ್ತಿಬಟ್ಟೆಯ ಏಪ್ರನ್ನಿನಿಂದ ಒರೆಸಿ, ತೊಳೆದು, ಒಲೆಯ ಬಳಿ ಒಣಹಾಕಿದ. ಒಣಗಿದ ಏಪ್ರನ್ ಒಮ್ಮೆಗೇ ಭಗ್ಗೆಂದು ಮಾಯವಾಯಿತು. ಹೊಗೆಯಿಲ್ಲ, ಬೂದಿಯಿಲ್ಲ. ಕತೆಯಲ್ಲಿ ಒಗ್ಗರಣೆ ಎಷ್ಟಿದೆಯೋ, ಹೀಗೆ ಆಮ್ಲದಲ್ಲಿ ನೆನೆದು ಹುಟ್ಟುವ ಸಿಡಿಹತ್ತಿ ಮಾತ್ರ ನಿಜ. 1846ರಲ್ಲಿ ಅವನು ಅದನ್ನು ಲೋಕಕ್ಕೆ ಸಾರಿದಾಗ, ಫ್ರಾಂಕ್‌ಫರ್ಟಿನ ರುಡಾಲ್ಫ್ ಬೋಟ್ಗರ್ ಕೂಡ ಅದನ್ನೇ ತಾನಾಗಿ ಕಂಡುಕೊಂಡಿದ್ದ.

ಹೊಗೆಯಿಲ್ಲದ ಮದ್ದು! ಯೂರೋಪಿನ ಸೇನಾಪತಿಗಳು ಹಿಗ್ಗಿದರು. ಹಿಗ್ಗು ಒಂದು ವರ್ಷವೂ ಬಾಳಲಿಲ್ಲ. 1847ರ ಜುಲೈನಲ್ಲಿ ಇಂಗ್ಲೆಂಡಿನ ಫ್ಯಾವರ್ಶಾಮ್‌ನಲ್ಲಿ ಸಿಡಿಹತ್ತಿಯ ಕಾರ್ಖಾನೆ ಹಾರಿಹೋಗಿ ಸುಮಾರು ಇಪ್ಪತ್ತು ಜನ ಸತ್ತರು. ಮಾಲೀಕರು ಉಳಿದ ಸರಕನ್ನು ನೆಲದಲ್ಲಿ ಹೂತು ಆ ಸಹವಾಸವನ್ನೇ ಬಿಟ್ಟರು. ಫ್ರಾನ್ಸಿನಲ್ಲೂ ಅದೇ ಗತಿಯಾಯಿತು. ಆಸ್ಟ್ರಿಯದವರು ಹಟ ಹಿಡಿದು 1860ರ ದಶಕದವರೆಗೆ ಎಳೆದರು. ಅವರ ಉಗ್ರಾಣಗಳೂ ಒಂದೊಂದಾಗಿ ಸಿಡಿದ ಮೇಲೆ ಕೈಚೆಲ್ಲಿದರು. ಉಗ್ರಾಣದಲ್ಲಿ ತಣ್ಣಗಿದ್ದ ಸಿಡಿಹತ್ತಿಯೂ ಕೋವಿಯೊಳಗೆ ಹೋದರೆ ನಳಿಗೆಯನ್ನೇ ಹರಿಯುತ್ತಿತ್ತು. ಹತ್ತಿಯ ಎಳೆಎಳೆಗಳ ನಡುವಿನ ಸಂದುಗಳಲ್ಲಿ ಬೆಂಕಿ ನುಗ್ಗಿ ಇಡೀ ರಾಶಿ ಒಂದೇ ಏಟಿಗೆ ಉರಿಯುತ್ತಿತ್ತು. ರಾಡ್‌ಮನ್ ಕಷ್ಟಪಟ್ಟು ಇಳಿಸಿದ್ದ ಅವಸರ ಇಲ್ಲಿ ಹತ್ತು ಪಟ್ಟಾಗಿ ಮರಳಿ ಬಂದಿತ್ತು. ನಲವತ್ತು ವರ್ಷ ಜಗತ್ತಿನ ಕೈಯಲ್ಲಿ ಅದ್ಭುತವಾದ ಮದ್ದೊಂದಿತ್ತು, ಅದನ್ನು ಕೋವಿಗೆ ತುಂಬುವ ಧೈರ್ಯವಿರಲಿಲ್ಲ.

ಆ ಗಂಟನ್ನು ಬಿಡಿಸಿದವನು ಪ್ಯಾರಿಸ್ಸಿನ ಸರಕಾರಿ ಮದ್ದಿನ ಪ್ರಯೋಗಾಲಯದಲ್ಲಿದ್ದ ಪಾಲ್ ವಿಯೇಯ್. ಎಡವಿ ಬಿದ್ದು ನಿಧಿ ಕಂಡವನಲ್ಲ, ಅಳೆದು ಅಳೆದು ಕಂಡವನು. ದಪ್ಪ ಗೋಡೆಯ ಉಕ್ಕಿನ ಪಾತ್ರೆಯೊಳಗೆ ಸ್ವಲ್ಪ ಮದ್ದನ್ನು ಮುಚ್ಚಿ ಉರಿಸುತ್ತಿದ್ದ. ಪಾತ್ರೆಗೆ ತಾಮ್ರವನ್ನು ಜಜ್ಜುವ ಕೊಂತ. ಕೊಂತಕ್ಕೆ ಒಂದು ಮುಳ್ಳು. ಮುಳ್ಳಿನೆದುರು ಗಿರಗಿರನೆ ತಿರುಗುವ, ಮಸಿ ಹಿಡಿಸಿದ ಉರುಳೆ. ಒತ್ತಡ ಎಷ್ಟು ಎಂಬುದರ ಜೊತೆಗೆ, ಅದು ಸೆಕೆಂಡಿನ ಯಾವ ಸಾವಿರದ ಪಾಲಿನಲ್ಲಿ ಎಷ್ಟು ಏರಿತು ಎಂಬ ಗೆರೆಯೂ ಆ ಮಸಿಯ ಮೇಲೆ ಮೂಡುತ್ತಿತ್ತು. ರಾಡ್‌ಮನ್ನನ ಬಿಲ್ಲೆ ಶಿಖರವನ್ನು ತೋರಿಸಿತ್ತು, ವಿಯೇಯನ ಉರುಳೆ ಹತ್ತುವ ದಾರಿಯನ್ನೂ ತೋರಿಸಿತು.

ಆ ಗೆರೆಗಳಿಂದ ಅವನಿಗೆ ತಿಳಿದದ್ದು ಇಷ್ಟು: ಒಳಗೆ ಸಂದುಗೊಂದು ಇರುವ ಯಾವ ಮದ್ದನ್ನೂ ಹಿಡಿತದಲ್ಲಿಡಲಾಗದು. ಬೆಂಕಿ ಮೈಮೇಲಿಂದ ಪದರ ಪದರವಾಗಿ ಮಾತ್ರ ಒಳಗಿಳಿಯುವಂತೆ ಮಾಡಬೇಕು. ಹಾಗಾದರೆ ಹತ್ತಿಯ ಎಳೆಯನ್ನೇ ಅಳಿಸಬೇಕು. 1884ರಲ್ಲಿ ಅವನು ಸಿಡಿಹತ್ತಿಯನ್ನು ದ್ರಾವಕದಲ್ಲಿ ಕರಗಿಸಿ ಅಂಟಾದ ಮುದ್ದೆ ಮಾಡಿ, ತೆಳ್ಳನೆ ಹಾಳೆಯಾಗಿ ಲಟ್ಟಿಸಿ, ಚಿಕ್ಕ ಚಿಕ್ಕ ಚಕ್ಕೆಗಳಾಗಿ ಕತ್ತರಿಸಿದ. ಒಣಗಿದ ಚಕ್ಕೆ ಕೊಂಬಿನಷ್ಟು ಗಟ್ಟಿ. ಬೆಂಕಿಗೆ ಒಳಹೋಗಲು ಸಂದೇ ಇಲ್ಲ. ಚಕ್ಕೆ ಎಷ್ಟು ದಪ್ಪವೋ ಅಷ್ಟು ಹೊತ್ತು ಉರಿ. ಮದ್ದಿನ ವೇಗವನ್ನು ಅಂದಿನಿಂದ ಕತ್ತರಿಯಲ್ಲಿ ನಿರ್ಧರಿಸಬಹುದಾಯಿತು.

ಕರಿಮದ್ದಿಗೆ ಹೋಲಿಸಿದರೆ ಅದರ ಕಸುವು ತೂಕಕ್ಕೆ ತೂಕ ಸುಮಾರು ಮೂರು ಪಟ್ಟು. ಜನರಲ್ ಬುಲಾಂಜೆ ಫ್ರಾನ್ಸಿನ ಯುದ್ಧಮಂತ್ರಿಯಾದದ್ದೇ ತಡ, ಆ ಮದ್ದಿಗೆ ತಕ್ಕ ಕೋವಿ ಬೇಕೆಂದು ಅವಸರಪಡಿಸಿದ. 1886ರ ಲೆಬೆಲ್ ರೈಫಲ್ ಹಾಗೆ ಹುಟ್ಟಿತು. 11 ಮಿ.ಮೀ. ಗುಂಡಿನ ಜಾಗಕ್ಕೆ 8 ಮಿ.ಮೀ. ಗುಂಡು ಬಂತು; ಸೆಕೆಂಡಿಗೆ ಸುಮಾರು 450 ಮೀಟರಿದ್ದ ವೇಗ 600 ದಾಟಿತು. ಸ್ವಲ್ಪ ಕಾಲದಲ್ಲೇ ಇಂಥವೇ ಹೊಗೆಯಿಲ್ಲದ ಮದ್ದುಗಳು ಬೇರೆಡೆಯೂ ಹುಟ್ಟಿದವು: ನೊಬೆಲನ ಬ್ಯಾಲಿಸ್ಟೈಟ್ ಬಂತು, ಬ್ರಿಟಿಷರ ಕಾರ್ಡೈಟ್ ಬಂತು. ಊಟಿಯ ಪುಟಾಣಿ ರೈಲು ಇಂದಿಗೂ ನಿಲ್ಲುವ ಅರವಂಕಾಡಿನಲ್ಲಿ 1904ರಲ್ಲಿ ಕೆಲಸ ಶುರು ಮಾಡಿದ್ದು ಆ ಕಾರ್ಡೈಟಿನ ಕಾರ್ಖಾನೆಯೇ. ಫ್ರೆಂಚರ ಮದ್ದಿಗೆ ಮಾತ್ರ ಒಂದು ಒಳರೋಗವಿತ್ತು, ಹಳತಾದಂತೆ ಅದು ತಾನಾಗಿಯೇ ಕೊಳೆಯುತ್ತಿತ್ತು. 1907ರಲ್ಲಿ ‘ಯೇನಾ’, 1911ರಲ್ಲಿ ‘ಲಿಬರ್ತೆ’ ಎಂಬ ಯುದ್ಧನೌಕೆಗಳು ಟೂಲೋನ್ ಬಂದರಿನಲ್ಲಿ ನಿಂತಲ್ಲೇ ಸಿಡಿದು ನೂರಾರು ನಾವಿಕರು ಸತ್ತ ಮೇಲೆ ಆ ರೋಗಕ್ಕೆ ಸರಿಯಾಗಿ ಔಷಧ ಹುಡುಕಿದರು.

ಇಷ್ಟರಲ್ಲಿ ಗುಂಡಿನ ರೂಪವೂ ಬದಲಾಗಿತ್ತು. ಫ್ರೆಂಚರು 1898ರಲ್ಲೇ ಚೂಪು ಮೂತಿಯ, ಬಾಲದ ಕಡೆ ದೋಣಿಯ ಹಿಂಬದಿಯಂತೆ ಕಿರಿದಾಗುವ ಉದ್ದನೆಯ ಗುಂಡು ಮಾಡಿದ್ದರು. ಅಮೆರಿಕನ್ನರು ಇನ್ನೊಂದು ದಾರಿ ಹಿಡಿದರು. 1906ರ ಅವರ ಥರ್ಟಿ-ಆಟ್-ಸಿಕ್ಸ್ ತೋಟಾದಲ್ಲಿದ್ದದ್ದು 150 ಗ್ರೇನಿನ ಹಗುರ ಗುಂಡು. ಒಂದು ಗ್ರಾಂ ಎಂದರೆ ಸುಮಾರು ಹದಿನೈದೂವರೆ ಗ್ರೇನ್. ಆ ಗುಂಡು 4,700 ಗಜ ಹೋಗುತ್ತದೆ ಎಂದು ಅವರ ಕೋಷ್ಟಕಗಳಲ್ಲಿ ಅಚ್ಚಾಗಿತ್ತು. ಮೊದಲ ಮಹಾಯುದ್ಧದಲ್ಲಿ ಮೆಷಿನ್‌ಗನ್ನುಗಳನ್ನು ದೂರದ ಶತ್ರುವಿನ ತಲೆಯ ಮೇಲೆ ಮಳೆಗರೆಯಲು ಬಳಸಿದಾಗ ಗುಟ್ಟು ರಟ್ಟಾಯಿತು. ಮಳೆ ಶತ್ರುವಿನವರೆಗೆ ತಲುಪುತ್ತಲೇ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಸೈನ್ಯದ ಮದ್ದುಗುಂಡಿನ ಇಲಾಖೆ ಫ್ಲೋರಿಡದ ಡೇಟೋನಾ ಕಡಲದಂಡೆಗೆ ಹೋಯಿತು. ಮೈಲಿಗಟ್ಟಲೆ ನೇರ ದಂಡೆ. ಗುಂಡು ಎಲ್ಲಿ ಬಿತ್ತೆಂದು ಹುಡುಕಿ ಗುರುತು ಹಾಕಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಬೇಸರದ ಕೆಲಸ. ಉತ್ತರ ಮುಜುಗರದ್ದು: 4,700 ಗಜ ಎಂದು ನಂಬಿದ್ದು 3,400ರ ಆಸುಪಾಸಿನಲ್ಲೇ ಬೀಳುತ್ತಿತ್ತು. ಪುಸ್ತಕದ ಅಂಕಿಯನ್ನು ಯಾರೂ ಮೊದಲು ಮರಳಿನ ಮೇಲೆ ಇಟ್ಟು ನೋಡಿರಲಿಲ್ಲ. ಸ್ವಿಸ್ ಗುಂಡಿನ ಮಾದರಿ ಹಿಡಿದು 170 ಗ್ರೇನಿಗೂ ಭಾರವಾದ, ಕಿರಿದು ಬಾಲದ ಗುಂಡು ಮಾಡಿದರು. ನಳಿಗೆಯ ಬಾಯಿ ಬಿಡುವಾಗ ಅದರ ವೇಗ ಹಳೆಯದಕ್ಕಿಂತ ಹೆಚ್ಚೇನಿರಲಿಲ್ಲ. ಆದರೂ 5,000 ಗಜವನ್ನು ಸುಲಭವಾಗಿ ದಾಟಿತು. ಹಗುರ ಗುಂಡು ಬೇಗ ಹೊರಟು ಬೇಗ ಗಾಳಿಗೆ ಸೋಲುತ್ತಿತ್ತು. ಭಾರದ್ದು ಗಳಿಸಿದ್ದನ್ನು ಉಳಿಸಿಕೊಳ್ಳುತ್ತಿತ್ತು. ಇಲ್ಲಿಗೊಂದು ನಗೆಪಾಟಲಿನ ಕೊನೆಯೂ ಇದೆ. ಗುಂಡು ಎಷ್ಟು ದೂರ ಹೋಗತೊಡಗಿತೆಂದರೆ ತರಬೇತಿ ಮೈದಾನಗಳ ಬೇಲಿ ಸಾಲದಾಯಿತು. ಸೈನ್ಯ ಮತ್ತೆ 150 ಗ್ರೇನಿನ ಆಸುಪಾಸಿಗೆ ಇಳಿಯಿತು, ಡ್ಯುಪಾಂಟ್ ಕಂಪನಿ ಅದಕ್ಕೆ ತಕ್ಕ ಮದ್ದು ಮಾಡಿಕೊಟ್ಟಿತು. ಅದರ ಹೆಸರು ಬರೀ ಒಂದು ಸಂಖ್ಯೆ: 4895.

ಎರಡನೆಯ ಮಹಾಯುದ್ಧ ಮುಗಿದಾಗ ಈ ಮದ್ದು ಟನ್ನುಗಟ್ಟಲೆ ಮಿಕ್ಕಿತ್ತು. ಯಾರಿಗೆ ಬೇಕು? ಕ್ಯಾನ್ಸಸ್ ಸಿಟಿಯಲ್ಲಿ ಅನಿಲದ ಒಲೆ ಮಾರಿ ಬದುಕುತ್ತಿದ್ದ ಬ್ರೂಸ್ ಹಾಜ್ಡನ್ ಎಂಬ ಸೇಲ್ಸ್‌ಮನ್ನನಿಗೆ ಬೇಕೆನ್ನಿಸಿತು. ಬಿಡುವಿನ ವೇಳೆಯಲ್ಲಿ ತೋಟಾಗಳನ್ನು ಕೈಯಾರೆ ತುಂಬಿಕೊಳ್ಳುವ ಹವ್ಯಾಸಿ ಅವನು. ಜೀವವಿಮೆಯ ಮೇಲೆ ಸಾಲ ಎತ್ತಿ 25 ಟನ್ 4895 ಕೊಂಡುಬಿಟ್ಟ. ಕೊಂಡಾದ ಮೇಲೆ ಎಲ್ಲಿಡುವುದೆಂಬ ಪ್ರಶ್ನೆ ಬಂತು. ಹಳೆಯ ರೈಲಿನ ಗೂಡ್ಸ್ ಡಬ್ಬಿಯೊಂದನ್ನು ತಂದು, ಬಾಡಿಗೆಗೆ ಹಿಡಿದ ಹುಲ್ಲುಗಾವಲಿನ ನಡುವೆ ನಿಲ್ಲಿಸಿ, ಅದರೊಳಗೆ ಮದ್ದು ಪೇರಿಸಿದ. ಬೇಟೆ-ಬಂದೂಕಿನ ಪತ್ರಿಕೆಯಲ್ಲಿ ಒಂದಂಗುಲದ ಜಾಹೀರಾತು ಕೊಟ್ಟ: 150 ಪೌಂಡಿನ ಪೀಪಾಯಿಗೆ 30 ಡಾಲರ್, ಸಾಗಣೆ ಬೇರೆ. ಪೌಂಡಿಗೆ 20 ಸೆಂಟು ಬಿತ್ತು. ಹೆಂಡತಿ ಏಮಿ ಜೊತೆಗೆ ನಿಂತಳು. ಡಬ್ಬಗಳಿಗೆ ಚೀಟಿ ಅಂಟಿಸುವುದು, ಶಾಲೆಗೆ ಹೋಗುವ ದಾರಿಯಲ್ಲಿ ಪೀಪಾಯಿಗಳನ್ನು ರೈಲ್ವೆ ನಿಲ್ದಾಣಕ್ಕೆ ಮುಟ್ಟಿಸುವುದು ಇಬ್ಬರು ಹುಡುಗರ ಪಾಲಿನ ಕೆಲಸ. ಮದ್ದಿನ ಪೀಪಾಯಿ ಹೇರಿಕೊಂಡು ಶಾಲೆಗೆ ಹೋದ ಮಕ್ಕಳನ್ನು ಇಂದು ಯಾವ ಹೆಡ್‌ಮಾಸ್ತರೂ ಒಳಗೆ ಬಿಟ್ಟಾನೆಂದು ಕಾಣೆ.

4895 ಸಾಧಾರಣ ತೂಕದ ಗುಂಡಿಗೆ ಹೇಳಿ ಮಾಡಿಸಿದ್ದು. ಹವ್ಯಾಸಿಗಳ ಆಸೆ ಅಲ್ಲಿಗೆ ನಿಲ್ಲಲಿಲ್ಲ. 180, 220 ಗ್ರೇನಿನ ಗುಂಡನ್ನು ವೇಗವಾಗಿ, ದೂರಕ್ಕೆ ಕಳಿಸಬೇಕು ಎಂದು ಅವರ ಕೈ ತುರಿಸುತ್ತಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ, ಮೇಜಿಗೆ ಬಿಗಿದ ಒತ್ತುಯಂತ್ರದ ಮುಂದೆ ಕೂತು, ಹಾರಿಸಿದ ಹಿತ್ತಾಳೆಯ ತೋಟಾವನ್ನು ಅಚ್ಚಿನಲ್ಲಿ ಒತ್ತಿ ಮತ್ತೆ ಅಳತೆಗೆ ತರುತ್ತಿದ್ದರು, ಬುಡಕ್ಕೆ ಮದ್ದಿಗೆ ಕಿಡಿ ಹತ್ತಿಸುವ ಹೊಸ ಪ್ರೈಮರ್ ಕೂರಿಸುತ್ತಿದ್ದರು, ಪುಟ್ಟ ತಕ್ಕಡಿಯಲ್ಲಿ ಮದ್ದು ತೂಗಿ ಆಲಿಕೆಯಿಂದ ಸುರಿದು ಮೇಲೆ ಗುಂಡು ಒತ್ತುತ್ತಿದ್ದರು. ವೇಗ ಅಳೆಯುವ ಯಂತ್ರ ಆಗ ಹವ್ಯಾಸಿಯ ಕೈಗೆಟುಕುತ್ತಿರಲಿಲ್ಲ. ಒತ್ತಡ ತಿಳಿಯಲು ಇದ್ದದ್ದು ಕಣ್ಣು ಮತ್ತು ಅಂಗೈ. ಹಾರಿಸಿದ ತೋಟಾದ ಪ್ರೈಮರ್ ಅಂಚು ಉಳಿಯದಂತೆ ಚಪ್ಪಟೆಯಾಗಿದೆಯೇ? ನಳಿಗೆಯ ಬುಡ ಮುಚ್ಚುವ ಬೋಲ್ಟ್ ಎತ್ತುವಾಗ ಬಿಗಿಯುತ್ತದೆಯೇ? ಬಿಗಿದರೆ ಸಾಕು, ನಿಲ್ಲಿಸಬೇಕು. ಭಾರದ ಗುಂಡಿಗೆ 4895 ತುಂಬಿದವರಿಗೆ ಬೋಲ್ಟ್ ಬೇಗನೆ ಬಿಗಿಯುತ್ತಿತ್ತು, ವೇಗ ಮಾತ್ರ ಬಯಸಿದಷ್ಟು ಬರುತ್ತಿರಲಿಲ್ಲ.

ಹಾಜ್ಡನ್ ಮುಂದೆ ತಂದದ್ದು 20 ಮಿ.ಮೀ. ತೋಪಿನ ಮದ್ದು. ಸಂಖ್ಯೆ 4831. ಸಂಖ್ಯೆ ನೋಡಿ ಮದ್ದಿನ ಗುಣ ಹೇಳುವಂತಿಲ್ಲ; 4895ಕ್ಕಿಂತ ಇದು ಬಹಳ ನಿಧಾನಿ. ತೋಪಿನ ದಪ್ಪ ಗುಂಡನ್ನು ಉದ್ದ ನಳಿಗೆಯಲ್ಲಿ ತಳ್ಳಲು ಮಾಡಿದ ಇದನ್ನು ರೈಫಲಿಗೆ ಎಷ್ಟು ಹಾಕಬೇಕೆಂದು ಹೇಳುವ ಕೋಷ್ಟಕ ಆಗ ಇರಲಿಲ್ಲ. ಹವ್ಯಾಸಿಗಳು ತಡವರಿಸುತ್ತ ಹೋದರು. ಸ್ವಲ್ಪ ಹೆಚ್ಚಿಸಿದರು, ಬೋಲ್ಟ್ ಬಿಗಿಯಲಿಲ್ಲ. ಇನ್ನೂ ಹೆಚ್ಚಿಸಿದರು. ಕಡೆಗೆ ತೋಟಾದ ಕತ್ತಿನವರೆಗೆ ತುಂಬಿ ಗುಂಡಿನ ಬುಡದಿಂದ ಮದ್ದನ್ನು ಒತ್ತಬೇಕಾದಲ್ಲಿಗೆ ಬಂದರು, ಆಗಲೂ ಪ್ರೈಮರ್ ದುಂಡಗೆ ನಗುತ್ತಿತ್ತು. ಗುಂಡು ಮಾತ್ರ ಹಿಂದೆಂದಿಗಿಂತ ಜೋರಾಗಿ ಹೋಗುತ್ತಿತ್ತು. ಬೇಟೆ ಬರಹಗಾರ ಜ್ಯಾಕ್ ಓ’ಕಾನರ್ ತನ್ನ ಪ್ರೀತಿಯ ಟೂ-ಸೆವೆಂಟಿ ರೈಫಲಿಗೆ 4831 ತುಂಬಿ, ಬರೆದು ಬರೆದು ಅದನ್ನು ಮನೆಮಾತಾಗಿಸಿದ.

ಗೆದ್ದೆವೆಂದುಕೊಳ್ಳುವ ಹೊತ್ತಿಗೆ ವಿಚಿತ್ರ ಸುದ್ದಿಗಳು ಬರತೊಡಗಿದವು. ಒಂದೆರಡು ರೈಫಲ್ ಒಡೆದಿದ್ದವು. ಹೆಚ್ಚು ತುಂಬಿ ಒಡೆದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಒಡೆದದ್ದು ಕಡಿಮೆ ತುಂಬಿದವು! ಮೆಲ್ಲಗೆ ಹೊಡೆಯಲೆಂದು, ಹೆಗಲಿಗೆ ಏಟು ತಗ್ಗಲೆಂದು ನಿಧಾನದ ಮದ್ದನ್ನು ಅರ್ಧಂಬರ್ಧ ಹಾಕಿದವರ ಕೋವಿಗಳು. ಪ್ರಯೋಗಾಲಯದವರು ಅದೇ ತೂಕ, ಅದೇ ತೋಟಾ ಇಟ್ಟು ಹಾರಿಸಿ ನೋಡಿದರೆ ಏನೂ ಆಗುತ್ತಿರಲಿಲ್ಲ. ಬೇಕೆಂದಾಗ ಅದು ಬರಲೇ ಇಲ್ಲ. ಅರ್ಧ ಖಾಲಿ ತೋಟಾದಲ್ಲಿ ಮದ್ದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡನ್ನು ನಳಿಗೆಯ ಬುಡಕ್ಕೆ ನೂಕಿ ಸಿಕ್ಕಿಸಿ, ಮರುಗಳಿಗೆ ಪೂರ್ತಿ ಹೊತ್ತಿಕೊಂಡಾಗ ಆ ಸಿಕ್ಕಿಕೊಂಡ ಗುಂಡೇ ಬಿರಡೆಯಾಗುತ್ತದೆ ಎಂಬುದು ಹೆಚ್ಚು ಜನ ಒಪ್ಪಿದ ವಿವರಣೆ. ಅಂತೂ ಹೆಚ್ಚು ಹಾಕಬಾರದು ಎಂಬ ಹಳೆಯ ಕಟ್ಟಳೆಯ ಪಕ್ಕದಲ್ಲಿ, ನಿಧಾನದ ಮದ್ದನ್ನು ತೀರಾ ಕಡಿಮೆಯೂ ಹಾಕಬಾರದು ಎಂಬ ಹೊಸ ಕಟ್ಟಳೆ ಬಂತು.

ಇಷ್ಟೆಲ್ಲ ಒಡೆದು, ಉರಿದು, ಹೂತು ಕಲಿತ ಗುಟ್ಟು ಹೇಳಲು ಹೆಚ್ಚು ಹೊತ್ತು ಬೇಡ. ಗುಂಡಿನ ದಪ್ಪ ಅಷ್ಟೇ ಇದ್ದು ತೂಕ ಹೆಚ್ಚಿದರೆ ಅದು ತಡವಾಗಿ ಕದಲುತ್ತದೆ, ಅದರ ಹಿಂದೆ ಅನಿಲಕ್ಕೆ ಜಾಗ ತಡವಾಗಿ ತೆರೆಯುತ್ತದೆ. ಒತ್ತಡ ಏರಿದಷ್ಟೂ ಮದ್ದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಬೇಗ ಉರಿಯುವ ಮದ್ದು ಹಾಕಿದರೆ, ಗುಂಡು ಅರ್ಧ ನಳಿಗೆ ದಾಟುವ ಮೊದಲೇ ಒತ್ತಡ ಶಿಖರ ಮುಟ್ಟಿ ಇಳಿದಿರುತ್ತದೆ. ಕೆಟ್ಟು ನಿಂತ ಲಾರಿಯನ್ನು ಹಾರಿ ಒದ್ದರೆ ಒದ್ದವನ ಕಾಲು ಮುರಿಯುತ್ತದೆ. ಹೆಗಲು ಕೊಟ್ಟು ಬಿಡದೆ ನೂಕಿದರೆ ಲಾರಿ ಉರುಳುತ್ತದೆ. ಒಂದು ಚಿಟಿಕೆ 4831ನ್ನು ಬಿಳಿ ಕಾಗದದ ಮೇಲೆ ಸುರಿದು ಭೂತಗನ್ನಡಿ ಹಿಡಿದರೆ ಆ ನೂಕುವಿಕೆಯ ಸಲಕರಣೆ ಕಾಣುತ್ತದೆ: ಬೂದುಬಣ್ಣದ ಸಣ್ಣ ಸಣ್ಣ ಕೊಳವೆಗಳು, ಪ್ರತಿಯೊಂದರ ನಡುವೆ ಉದ್ದಕ್ಕೂ ಒಂದು ತೂತು. ಹೊರಮೈ ಕುಗ್ಗಿದಂತೆ ಒಳತೂತು ಅಗಲವಾಗಿ ಉರಿ ಒಂದೇ ಸಮ ನಿಲ್ಲಲಿ ಎಂದು ಆ ತೂತು. ಮೊದಲ ಗಳಿಗೆಯ ಭುಗಿಲನ್ನು ತಗ್ಗಿಸಲು ಹೊರಗೊಂದು ಲೇಪ. ಶಿಖರದ ಒತ್ತಡ ಅಷ್ಟೇ, ಅದು ನಿಲ್ಲುವ ಹೊತ್ತು ಮಾತ್ರ ಹೆಚ್ಚು. ನಿಧಾನ ಅತಿಯಾಗಲೂ ಬಾರದು. ಹಗುರ ಗುಂಡಿನ ಹಿಂದೆ ಈ ಮದ್ದು ಹಾಕಿದರೆ ಗುಂಡು ಮೊದಲೇ ಓಡಿಹೋಗಿ, ಮದ್ದು ಪೂರ್ತಿ ಉರಿಯದೆ, ಒಂದು ಗುಂಡಿನ ವೇಗ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ನೂರು ಗಜದಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಸಾವಿರ ಗಜದಲ್ಲಿ ಒಂದು ಗುಂಡು ಗುರಿಯ ಮೇಲೆ, ಇನ್ನೊಂದು ಕೆಳಗೆ.

1970ರ ದಶಕದ ಆರಂಭಕ್ಕೆ ಯುದ್ಧದ ಮಿಗತೆ 4831 ಮುಗಿಯುತ್ತ ಬಂತು. 1973ರಲ್ಲಿ ಡ್ಯುಪಾಂಟ್ ಅದೇ ಸಂಖ್ಯೆಯ ಮದ್ದನ್ನು ಹೊಸದಾಗಿ ಮಾಡಿ ಐಎಂಆರ್ 4831 ಎಂದು ಮಾರಾಟಕ್ಕಿಟ್ಟಿತು. ಹಾಜ್ಡನ್ ತನ್ನದನ್ನು ಎಚ್4831 ಎಂದು ಸ್ಕಾಟ್ಲೆಂಡಿನಲ್ಲಿ ಮಾಡಿಸಿ ತಂದ. ಸಂಖ್ಯೆ ಒಂದೇ ಆದರೂ ಡ್ಯುಪಾಂಟಿನದು ಒಂದು ಗುಲಗಂಜಿ ಬೇಗ ಉರಿಯುತ್ತಿತ್ತು. ಇಪ್ಪತ್ತು ವರ್ಷ ತೋಟಾದ ಕತ್ತಿನವರೆಗೆ ತುಂಬಿ ರೂಢಿಯಾದ ಕೈಗಳು ಹೊಸ ಡಬ್ಬದಿಂದಲೂ ಅಷ್ಟೇ ತುಂಬಿದರೆ ಬೋಲ್ಟ್ ಬಿಗಿಯುವುದು ಖಂಡಿತ. ಕೈಪಿಡಿಗಳನ್ನು ಅಚ್ಚು ಹಾಕುವವರು ಎಚ್ಚೆತ್ತು, ಎರಡನ್ನೂ ಬೇರೆ ಬೇರೆ ಸಾಲಿಗೆ ಹಾಕಿ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಬಳಸಕೂಡದೆಂದು ಎಚ್ಚರಿಕೆಯನ್ನೂ ಸೇರಿಸಿದರು. ಎಚ್4831 ಈಗ ಬರುವುದು ಆಸ್ಟ್ರೇಲಿಯದಿಂದ. ಉದ್ದ ಕೊಳವೆಗಳು ಅಳತೆಯಂತ್ರದ ಬಾಯಲ್ಲಿ ಅಡ್ಡ ಸಿಕ್ಕಿಕೊಂಡು ತೂಕ ಏರುಪೇರಾಗುತ್ತದೆ ಎಂಬ ದೂರು ಬಂದಾಗ, ಅದನ್ನೇ ಇನ್ನಷ್ಟು ಗಿಡ್ಡ ಕತ್ತರಿಸಿದ ಇನ್ನೊಂದು ಬಗೆಯನ್ನೂ ಡಬ್ಬಕ್ಕೆ ತುಂಬಿದರು. ದೂರದ ಗುರಿಗೆ ಭಾರದ ಗುಂಡು ಹೊಡೆಯುವವರ ಮೇಜಿನ ಮೇಲೆ ಆ ಗಿಡ್ಡ ಬಗೆಯೂ ಜಾಗ ಹಿಡಿಯಿತು.